ಹಾಡಿಗೆ ಕಾಲಿಡಬಾರದೆಂಬ ಜಾಮೀನು

ನಮ್ಮ ಮನೆಯ ಮಹಡಿಯಲ್ಲಿ ಒಬ್ಬ ಆರೋಪಿ ಇದ್ದಾರೆ. ಅದೂ ಬಸವೇಶ್ವರನಗರದಂಥ ಮರ್ಯಾದಸ್ಥರ ಏರಿಯಾದಲ್ಲಿ!

ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ, ಅಕ್ರಮ ಪ್ರವೇಶ, ಹಲ್ಲೆ. ಇಷ್ಟೆಲ್ಲ ಮಾಡಿದವರಿಗೆ ವಯಸ್ಸು ಅರವತ್ತು ದಾಟಿದೆ. (ನಮ್ಮ ಮೆಟ್ಟಿಲು ಹತ್ತುವಾಗ ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತಾರೆ.)

ಹೆಸರು ಮಾದಮ್ಮ. ಜೇನು ಕುರುಬರು. ಮಗಳು ಗೌರಿ ರಾಜಾಜಿನಗರದ ನರ್ಸಿಂಗ್ ಹೋಮೊಂದರಲ್ಲಿ ನರ್ಸ್, ನಮ್ಮ ಮೇಲಿನ ರೂಮಿನ ಬಾಡಿಗೆದಾರಳು. ಕಾಡಿನೊಳಗಿನ ಇವರ ಹಾಡಿಯ ಜನ ತಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗುವ ದಾರಿಗೆ ಅರಣ್ಯ ಇಲಾಖೆಯ ಬೇಲಿ ಬಿತ್ತು. ಹಾಡಿಯವರೆಲ್ಲ ಬೇಲಿ ಮುಂದೆ ಕೂತರು. ಕೇಸಾಯಿತು.

'ನಿಜವಾಗ್ಲೂ ಗಾರ್ಡ್‌ಗೆ ಹೊಡೆದ್ರಾ?' ಎಂದು ಒಮ್ಮೆ ಕೇಳಿದ್ದೆ.

'ಕೂತಿದ್ನಲ್ಲವ್ವಾ. ಕೂತೋಳು ಹೆಂಗ್ ಹೊಡೀತಾಳೆ?'

ಜಾಮೀನು ಸಿಕ್ಕಿತು. ಷರತ್ತು: ಕೇಸು ಮುಗಿಯುವವರೆಗೆ ಆ ತಾಲ್ಲೂಕಿಗೆ ಕಾಲಿಡಬಾರದು. ದಾರಿ ಬಿಡಿ ಅಂತ ಕೂತವರನ್ನು ಕಾಡು ಬಿಡಿಸಿಯೇ ಹೊರಗೆ ಬಿಟ್ಟರು!

'ಮೇಡಂ, ಪೊಲೀಸ್ ಕೇಸಂತೆ. ಯಾಕೆ ರಿಸ್ಕು? ಖಾಲಿ ಮಾಡ್ಸಿ' ಎಂದರು ಪಕ್ಕದ ಮನೆಯವರು. ಪಾರ್ಕಿನ ಕಾಂಪೌಂಡ್ ಒಡೀಬಾರದು ಅಂತ ಇದೇ ಮಹಾನುಭಾವರು ರಸ್ತೆ ತಡೆ ಮಾಡಿ, ಸೆಲ್ಫಿ ತೆಗೆದು ಗ್ರೂಪಿಗೆ ಹಾಕಿದ್ದರು. ಅವತ್ತು ಪೊಲೀಸರು ಇವರಿಗೆ ನೀರಿನ ಬಾಟಲ್ ಕೊಟ್ಟಿದ್ದರು.

ಹೋದ ವಾರ ಹಾಡಿಯಿಂದ ಫೋನ್ ಬಂತು. ಮಾದಮ್ಮನ ತಂಗಿಗೆ ಸೀರಿಯಸ್. ಗೌರಿ ಕೂಡಲೇ ಲಾಯರಿಗೆ ಫೋನ್ ಮಾಡಿದಳು. ಹಾಗೇ ಹೋದರೆ ಜಾಮೀನು ರದ್ದಾಗುತ್ತದೆ, ಕೋರ್ಟಿನ ಅನುಮತಿ ಬೇಕು ಎಂದರು. ಅರ್ಜಿ ಹಾಕಿದರು. ಎದುರು ಕಡೆಯವರು ಸಮಯ ಕೇಳಿದರು. ಮುಂದಕ್ಕೆ ಹೋಯಿತು.

ಮಾದಮ್ಮ ಸೀರೆಯೊಂದನ್ನು ಚೀಲಕ್ಕೆ ತುರುಕಿಕೊಂಡು ಇಳಿದೇಬಿಟ್ಟರು. ಗೌರಿ ಓಡಿ ಬಂದು ಗೇಟಿಗೆ ಅಡ್ಡ ನಿಂತಳು.

'ಬಿಡೇ. ಜೈಲಿಗೇ ಹಾಕ್ಲಿ. ಅವಳ ಮುಖ ನೋಡ್ಕೊಂಡಾದ್ರೂ ಬತ್ತೀನಿ.'

'ನೀನು ಹೋದ್ರೆ ಕೇಸಲ್ಲಿರೋ ಉಳಿದೋರ ಜಾಮೀನಿಗೂ ತೊಂದ್ರೆ ಆಗುತ್ತಂತೆ ಕಣವ್ವಾ. ಲಾಯರ್ ಹೇಳಿದ್ರು.'

ತನ್ನ ಜೈಲಿಗೆ ಹೆದರದ ಹೆಂಗಸು ಈ ಮಾತಿಗೆ ಚೀಲ ಕೆಳಗಿಟ್ಟರು. ನಾನು ಅಲ್ಲೇ ನಿಂತಿದ್ದೆ. ಏನು ಹೇಳಬೇಕಿತ್ತು? ಕಾನೂನಿನಲ್ಲಿ ನಂಬಿಕೆ ಇಡಿ ಅಂತಲೇ?

ಮಾರನೇ ದಿನ ತಂಗಿ ಹೋದಳು. ಸಂಬಂಧಿಕರೊಬ್ಬರು ವಿಡಿಯೋ ಕಳಿಸಿದ್ದರು. ಗೌರಿಯ ಮೊಬೈಲನ್ನು ಮಾದಮ್ಮ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅಳಲಿಲ್ಲ.

'ಬೇಲಿ ಈಚೆಗೇ ಮಣ್ಣು ಮಾಡ್ಬುಟ್ರಾ?'

'ಹೂಂ ಅವ್ವಾ. ಆಚೆಗೆ ಬಿಡ್ಲಿಲ್ವಂತೆ.'

'ಅಪ್ಪ ಅವ್ವ ಆಚೆಗವ್ರೆ. ಇವಳೊಬ್ಳೇ ಈಚೆಗೆ.'

ಆಮೇಲೆ ಅನುಮತಿ ಸಿಕ್ಕಿತು. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬೇಕು. ಹೋಗೋಣ್ವಾ ಎಂದಳು ಗೌರಿ. 'ಯಾರ್ನ ನೋಡಕ್ಕೆ?' ಎಂದು ಮಾದಮ್ಮ ಗೋಡೆ ಕಡೆಗೆ ತಿರುಗಿ ಮಲಗಿದರು.

ಕೇಸಿನ ವಿಚಾರಣೆ ಇನ್ನೂ ಶುರುವೇ ಆಗಿಲ್ಲ, ಅಪರಾಧ ಸಾಬೀತಾದರೆ ತಾನೇ ಶಿಕ್ಷೆ ಎನ್ನುತ್ತಾರೆ ತಿಳಿದವರು. ಹಾಗಾದರೆ ಇದಕ್ಕೆ ಏನೆನ್ನುತ್ತಾರೆ?