ಸಂಜೆ ಐದಕ್ಕೇ ಮುಗಿಯುತ್ತಿದ್ದ ದಿನ

ಮೇಲಿನ ಅಪಾರ್ಟ್‌ಮೆಂಟಿನಲ್ಲಿದ್ದ ನನ್ನ ಗೆಳತಿ ಪೆನ್ಸಿಲನ್ನು ಸೀಮೆಸುಣ್ಣದ ಹಾಗೆ ಹಿಡಿಯುತ್ತಿದ್ದರು. ಮೂರು ಬೆರಳ ತುದಿಯಲ್ಲಿ, ಹಾಳೆಗೆ ತುಸು ಅಡ್ಡವಾಗಿ. ಬರೆದದ್ದು ತಪ್ಪಾದರೆ ಮೊದಲು ಅಂಗೈಯ ಅಂಚಿನಿಂದ ಒರೆಸಿಬಿಡುವರು, ಕಾಗದದ ಮೇಲೆ ಅದು ಅಳಿಸದೆಂದು ನೆನಪಾಗಿ ಆಮೇಲೆ ನಗುವರು. ಮೈಸೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದವರು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದ ಮೇಲೆ ಅವರೂ ನನ್ನ ಹಾಗೆಯೇ, ಗಂಡನ ವೀಸಾದ ಮೇಲೆ ಬಂದ ಹೆಂಡತಿ. ಸಂಬಳದ ಕೆಲಸಕ್ಕೆ ಸೇರುವಂತಿರಲಿಲ್ಲ. ನನಗೆ ಅದು ಅಷ್ಟಾಗಿ ಕಾಡಲಿಲ್ಲ. ಅವರು ಮಾತ್ರ ಲೈಬ್ರರಿಯಿಂದ ದಪ್ಪ ದಪ್ಪ ಪುಸ್ತಕ ಹೊತ್ತು ತಂದು, ಮಧ್ಯಾಹ್ನ ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕೂತು, ಪರ್ಲ್ ಎಂಬ ಕಂಪ್ಯೂಟರ್ ಭಾಷೆಯನ್ನು ತಾವೇ ಕಲಿತರು.

ಆಗ ಎಲ್ಲಿ ನೋಡಿದರೂ ಡಾಟ್ ಕಾಂ. ಯಾರ ಮನೆಗೆ ಊಟಕ್ಕೆ ಹೋದರೂ ಗಂಡಸರ ಗುಂಪಿನಲ್ಲಿ ಅದೇ ಮಾತು, ಯಾವ ಕಂಪನಿ ಶೇರು ಬಿಡುತ್ತದೆ, ಯಾರು ಯಾವ ಸ್ಟಾರ್ಟಪ್ಪಿಗೆ ಹಾರಿದರು. ಅಡುಗೆಮನೆಯ ಕಡೆ ನಿಂತ ನಮಗೆ ಅದರ ಗೋಜಿರಲಿಲ್ಲ. ಆದರೂ ನನ್ನ ಮಟ್ಟಿಗೆ ಆ ವರ್ಷಗಳ ಒಳ್ಳೆಯ ವೆಬ್ ಪೇಜೆಂದರೆ ನಮ್ಮ ಬಾಣಂತಿಗಾಗಿ ನನ್ನ ಗೆಳತಿ ಮಾಡಿದ್ದು ಒಂದೇ.

ಬಾಣಂತಿ ಹಾಸನದ ಕಡೆಯ ಹುಡುಗಿ. ಮದುವೆಯಾಗಿ ಬಂದು ವರ್ಷ ಕಳೆದಿರಲಿಲ್ಲ. ಹೆರಿಗೆ ದಿನ ತುಂಬುವ ಮುಂಚೆಯೇ ಆಗಿಹೋಯಿತು, ಸಿಸೇರಿಯನ್ನು. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಗಂಡ ಪಾಲೋ ಆಲ್ಟೋದ ಒಂದು ಹೊಸ ಕಂಪನಿಯಲ್ಲಿದ್ದ. ಕೊಲ್ಲಿಯ ಸೇತುವೆ ದಾಟಿ ಮನೆ ಸೇರುವ ಹೊತ್ತಿಗೆ ಮಗು ಒಂದು ನಿದ್ದೆ ಮುಗಿಸಿರುತ್ತಿತ್ತು. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಅವಳು ಒಲೆಯ ಮುಂದೆ ನಿಲ್ಲುವ ಹಾಗಿರಲಿಲ್ಲ. ಹಾಗಾಗಿ ಸುತ್ತಲಿನ ನಾವೊಂದಷ್ಟು ಕನ್ನಡದ ಹೆಂಗಸರು ದಿನಕ್ಕೊಬ್ಬರಂತೆ ಊಟ ಒಯ್ಯುವುದೆಂದು ಮಾತಾಯಿತು. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಹುರಿದ ಬೆಳ್ಳುಳ್ಳಿ, ತುಪ್ಪ ಹಾಕಿ ಕಲಸಿದ ಬಿಸಿ ಅನ್ನ.

ಪಾಳಿ ನೆನಪಿಡುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಗೆಳತಿ, "ನಾನೊಂದು ಪೇಜ್ ಮಾಡ್ತೀನಿ. ಮೇಲ್ಗಡೆ ಇವತ್ತು ಯಾರದ್ದು ಅಂತ ಹೆಸರು ಬರತ್ತೆ. ದಿನ ಬದಲಾಯಿಸ್ಕೋಬೇಕಿದ್ರೆ ನಂಗೆ ಹೇಳಿ, ತಿದ್ದಿಬಿಡ್ತೀನಿ," ಎಂದರು.

"ಅಷ್ಟಕ್ಕೆಲ್ಲ ಕಂಪ್ಯೂಟರ್ ಯಾಕೆ? ಊಟ ಬರದೇ ಇದ್ರೆ ಅವಳೇ ಫೋನ್ ಮಾಡ್ತಾಳೆ," ಎಂದರು ಯಾರೋ.

"ಅವಳು ಮಾಡಲ್ಲ," ಎಂದರು ಗೆಳತಿ. "ಮಾಡೋ ಹಾಗೆ ಆಗಲೂಬಾರದು. ಬಾಣಂತಿ ಊಟ ಕೇಳಿ ಇಸ್ಕೊಳ್ಳೋದು ಅಂದ್ರೆ ಏನ್ರೀ?"

ಪೇಜಿನ ಹಿಂದಿದ್ದ ಹಟ ಅಷ್ಟೇ. ಅವಳು ಯಾರನ್ನೂ ಕೇಳಬಾರದು, ಊಟ ತಾನಾಗಿ ಬಾಗಿಲಿಗೆ ಬರಬೇಕು.

ಬಂತು ಕೂಡ. ಆಗಸ್ಟ್ ತಿಂಗಳು. ಮೊದಲ ದಿನಗಳಲ್ಲಿ ಎಲ್ಲರೂ ಬೆಳಗ್ಗೆ ಗಂಡಂದಿರನ್ನು ಕಳಿಸಿ, ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಅದು ಕಿರುಗುಟ್ಟಿ ಗೊರಗೊರ ಎನ್ನುವವರೆಗೆ ಕಾದು, ಪೇಜು ನೋಡಿ ಸೊಪ್ಪು ಬಿಡಿಸಲು ಕೂರುತ್ತಿದ್ದೆವು. ಬೆಳಗ್ಗೆ ನೋಡಿದವರಿಗೆಲ್ಲ ಪೇಜು ಸರಿಯಾಗಿಯೇ ಹೇಳುತ್ತಿತ್ತು.

ಮತ್ತೆ ನನ್ನ ಪಾಳಿ ಬಂದದ್ದು ಒಂದು ಶುಕ್ರವಾರ. ಫ್ರೀವೇ ಹತ್ತದೆ ಹೋಗುವ ದಾರಿ ಹಿಡಿದು, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದ ಸೀಟಿಗೆ ಬೆಲ್ಟು ಹಾಕಿ, ಬಾಣಂತಿಯ ಮನೆ ತಲುಪಿದೆ. ಅವಳ ಸಿಂಕಿನ ಪಕ್ಕ ಯಾವಾಗಲೂ ಹಿಂದಿನ ದಿನದವರ ಡಬ್ಬಿ ತೊಳೆದು ಬೋರಲು ಹಾಕಿರುತ್ತಿತ್ತು, ಮುಚ್ಚಳ ಅದಕ್ಕೆ ಒರಗಿಸಿ. ಎಷ್ಟು ಬೇಡವೆಂದರೂ ತೊಳೆಯದೆ ಕೊಡುತ್ತಿರಲಿಲ್ಲ. ಆ ದಿನ ಅಲ್ಲಿ ಡಬ್ಬಿ ಇರಲಿಲ್ಲ. ಹಾಲಿನ ಲೋಟ ಒಂದು, ಜಾಮ್ ಹತ್ತಿದ ಚಾಕು ಒಂದು.

"ನಿನ್ನೆ ಯಾರು ಬಂದಿದ್ರು?" ಎಂದೆ, ಅನ್ನ ಬಡಿಸುತ್ತ.

ಅವಳು ಮಗುವಿನ ಕಡೆ ನೋಡುತ್ತ, "ನಿನ್ನೆ ಹಸಿವೇ ಇರ್ಲಿಲ್ಲ ಅಕ್ಕ," ಎಂದಳು.

ತಟ್ಟೆಗೆ ಹಾಕಿದ ಅನ್ನ ನೋಡನೋಡುತ್ತಲೇ ಖಾಲಿಯಾಯಿತು. ಇನ್ನೊಂದು ಸಲ ಬಡಿಸಿದೆ. ಅದೂ ಆಯಿತು.

ಮರುದಿನ ಬೆಳಗ್ಗೆ ಮೇಲೆ ಹೋಗಿ ವಿಷಯ ಹೇಳಿದೆ. ನನ್ನ ಗೆಳತಿ "ಪೇಜು ಸರಿ ಇದೆ, ಅವರೇ ಮರೆತಿರಬೇಕು" ಎನ್ನಲಿಲ್ಲ. ಇವತ್ತಿಗೂ ಅದಕ್ಕೇ ಅವರನ್ನು ನೆನೆಯುತ್ತೇನೆ. ಅವರ ಮುಖ ಸಣ್ಣದಾಯಿತು. "ಇಡೀ ದಿನ ಬ್ರೆಡ್ ತಿಂದಿದ್ದಾಳೆ," ಎಂದರು. ಆಮೇಲೆ ಗುರುವಾರದ ಪಾಳಿಯವರಿಗೆ ಫೋನು ಹಚ್ಚಿ, ನನಗೂ ಕೇಳಲೆಂದು ಸ್ಪೀಕರ್ ಒತ್ತಿದರು. ಗುರುವಾರದವರು ಮಂಡ್ಯದ ಕಡೆಯವರು, ನಮಗಿಂತ ಹಿರಿಯರು, ಮಾತು ಖಡಕ್ಕು, ಕೈ ಧಾರಾಳ.

"ಅಯ್ಯೋ, ನಾನು ಅಡುಗೆ ಮಾಡಿಟ್ಕಂಡು ಹೊರಡೋಕೆ ಮುಂಚೆ ಒಂದ್ಸಲ ನೋಡಿದೆ ಕಣವ್ವ. ಕೆಳಗಡೆ ಮನೆಯವಳ ಹೆಸರಿತ್ತು. ಅದಲು ಬದಲು ಮಾಡ್ಕಂಡವ್ರೆ, ನಂಗೆ ಹೇಳೋದ ಮರ್ತವ್ರೆ ಅನ್ಕಂಡೆ. ಆ ಸಾರನ್ನ ನಮ್ಮ ಯಜಮಾನ್ರು ಎರಡು ಹೊತ್ತು ತಿಂದ್ರು."

ಕೆಳಗಡೆ ಮನೆಯವಳೆಂದರೆ ನಾನೇ.

"ಎಷ್ಟು ಹೊತ್ತಿಗೆ ನೋಡಿದ್ರಿ?" ಎಂದರು ಗೆಳತಿ.

"ಬೆಳಗ್ಗೆ ನಮ್ಮಕ್ಕ ಊರಿಂದ ಫೋನಲ್ಲಿದ್ಲು, ಲೈನ್ ಬಿಡ್ಲಿಲ್ಲ. ಸಂಜೆ ನೋಡಿದೆ. ಹೊತ್ತು ಎಷ್ಟಾದ್ರೇನವ್ವ, ಗುರುವಾರ ಗುರುವಾರನೇ ಅಲ್ವಾ?"

ಗೆಳತಿ ಪೆನ್ಸಿಲು ಕೈಗೆತ್ತಿಕೊಂಡರು. ನಮ್ಮ ಹಿರಿಯಾಕೆ ಮುಂದುವರಿಸಿದರು. "ಅದ್ನ ತೆಗ್ದಾಕು. ಆ ಹುಡ್ಗಿ ಒಂದ್ ಫೋನ್ ಮಾಡಿದ್ರೆ ಯಾರಾದ್ರೂ ಓಡ್ತೀವಪ್ಪ."

"ನೀವು ಬಾಣಂತಿ ಆಗಿದ್ದಾಗ ಯಾರಿಗಾದ್ರೂ ಹಂಗೆ ಫೋನ್ ಮಾಡ್ತಿದ್ರಾ?"

"ಇಲ್ಲ ಬಿಡು. ಇವತ್ತಿನ ಪಾಳಿ ನಂಗೆ ಹಾಕು. ಸಂಜೆನೇ ನೋಡ್ತೀನಿ. ಆಗಲೂ ಬೇರೆಯವರ ಹೆಸರು ಬಂದ್ರೆ ನಾಳೆಯಿಂದ ನಿನ್ನ ಪೇಜೂ ಬೇಡ, ಏನೂ ಬೇಡ," ಎಂದರು.

ಗೆಳತಿ ಹಾಳೆ ಎಳೆದುಕೊಂಡರು. "ಗುರುವಾರ ಗುರುವಾರನೇ ಅಲ್ವಾ ಅಂದ್ರಲ್ಲ, ಅದೇ ಇದಕ್ಕೆ ಗೊತ್ತಿಲ್ಲ," ಎಂದರು ಕಂಪ್ಯೂಟರಿನತ್ತ ತಲೆ ಆಡಿಸಿ. "ಬೆಳಗ್ಗೆ ನೋಡಿದವರಿಗೆಲ್ಲ ಸರಿ ಬಂದಿದೆ, ಸಂಜೆ ನೋಡಿದವರಿಗೆ ನಾಳೆಯ ಹೆಸರು ಬಂದಿದೆ. ಅಂದ್ರೆ ಇದರ ದಿನ ಸಂಜೆಗೇ ಮುಗಿದುಹೋಗ್ತಿದೆ. ಯಾವ ಊರಲ್ಲಿ ದಿನ ನಮ್ಮ ಸಂಜೆಗೆ ಮುಗಿಯತ್ತೆ, ಹೇಳಿ?"

ನನ್ನ ಕಾನ್ವೆಂಟಿನಲ್ಲಿ ಭೂಗೋಳ ಹೇಳುತ್ತಿದ್ದ ಸಿಸ್ಟರ್ ಗ್ಲೋಬಿನ ಮೇಲೆ ಬೆರಳಿಟ್ಟು, ಜಗತ್ತಿನ ಗಂಟೆಯೆಲ್ಲ ಇಲ್ಲಿಂದ ಎಣಿಸುವುದು ಎಂದು ಕಲಿಸಿದ್ದರು. "ಗ್ರೀನಿಚ್?" ಎಂದೆ, ತರಗತಿಯಲ್ಲಿ ಕೈ ಎತ್ತಿದವಳ ಹಾಗೆ, ಅನುಮಾನದಲ್ಲಿ.

"ಗ್ರೀನಿಚ್ಚೇ." ಅವರಿಗೆ ನನಗಿಂತ ಹೆಚ್ಚು ಖುಷಿಯಾಯಿತು. ಪುಸ್ತಕದ ಉದಾಹರಣೆಯಲ್ಲಿ ಹೊತ್ತನ್ನು ಗ್ರೀನಿಚ್ಚಿನಿಂದ ತರುವ ಸಾಲು ಇತ್ತು, ಅದನ್ನೇ ಇಳಿಸಿಕೊಂಡಿದ್ದರು. ಈ ಬೇಸಿಗೆಯಲ್ಲಿ ನಮಗೆ ಸಂಜೆ ಐದಾದರೆ ಗ್ರೀನಿಚ್ ಲೆಕ್ಕದಲ್ಲಿ ನಡುರಾತ್ರಿ. ಆ ಘಳಿಗೆಗೆ ಪೇಜು ಗುರುವಾರವನ್ನು ಮಡಚಿಟ್ಟು ಶುಕ್ರವಾರದ ಹೆಸರು ತೆಗೆಯುತ್ತಿತ್ತು.

"ನಮ್ಮಜ್ಜಿಗೆ ಸೂರ್ಯ ಹುಟ್ಟಿದ್ರೆ ದಿನ, ನಮಗೆ ಮಧ್ಯರಾತ್ರಿ ಕಳೆದ್ರೆ ದಿನ, ಇದಕ್ಕೆ ಇಂಗ್ಲೆಂಡಲ್ಲಿ ಗಂಟೆ ಹೊಡೆದ್ರೆ ದಿನ," ಎಂದರು. ನನಗೆ ಕೂಡಲೇ ಅರ್ಥವಾಯಿತು. ಬೆಂಗಳೂರಿನಿಂದ ತರಿಸಿದ ಗೋಡೆ ಕ್ಯಾಲೆಂಡರ್ ನೋಡಿ ಇಲ್ಲಿ ಏಕಾದಶಿ ಇವತ್ತೋ ನಿನ್ನೆಯೋ ಎಂದು ಚರ್ಚಿಸುತ್ತಿದ್ದವರೇ ತಾನೆ ನಾವು.

ಐದರವರೆಗೆ ಕಾಯುವುದೇಕೆಂದು ಅವರು ಪ್ರೋಗ್ರಾಮಿಗೆ ಆಗಲೇ ಸಂಜೆ ಆರಾಯಿತೆಂದು ಒಂದು ಸುಳ್ಳು ಹೇಳಿದರು. ಪೇಜು ತಟ್ಟನೆ ಭಾನುವಾರದವರ ಹೆಸರು ತೋರಿಸಿತು. "ಸಿಕ್ಕಿಬಿತ್ತು," ಎಂದರು ಮೆಲ್ಲಗೆ. ಪೇಜು ಇರುವ ಯಂತ್ರ ಯಾವ ಊರಿನಲ್ಲಿದ್ದರೂ ಸರಿ, ಕ್ಯಾಲಿಫೋರ್ನಿಯಾದ ಗಡಿಯಾರವನ್ನೇ ನೋಡಬೇಕೆಂದು ಒಂದು ಸಾಲು ಸೇರಿಸಿದರು. ಅದೇ ಸುಳ್ಳನ್ನು ಮತ್ತೆ ಹೇಳಿದರು. ಈ ಸಲ ಶನಿವಾರದ ಹೆಸರು ಅಲುಗಲಿಲ್ಲ.

ನಾನಾಗಿದ್ದರೆ ಅಲ್ಲಿಗೆ ಎದ್ದು ಕಾಫಿ ಮಾಡುತ್ತಿದ್ದೆ. ಅವರು ಏಳಲಿಲ್ಲ. "ಒಂದು ತಪ್ಪು ಕಾಣದೆ ಕೂತಿತ್ತು ಅಂದ್ರೆ ಪಕ್ಕದಲ್ಲಿ ಇನ್ನೊಂದು ಕೂತಿರಬಹುದು," ಎಂದು ಮುಂದಿನ ತಿಂಗಳ ಒಂದೊಂದೇ ತಾರೀಖನ್ನು ಇವತ್ತೆಂದು ನಂಬಿಸುತ್ತ ಹೋದರು. ಒಂಬತ್ತರವರೆಗೆ ಎಲ್ಲ ಸರಿ. ಹತ್ತನೆಯ ತಾರೀಖಿಗೆ ಪೇಜು ಎರಡನೆಯ ತಾರೀಖಿನವರನ್ನು ಮತ್ತೆ ಊಟ ಒಯ್ಯಲು ಕರೆಯಿತು.

ನಾನು ಗಾಬರಿಯಾದೆ. ಅವರ ಕಣ್ಣು ಮಿನುಗಿತು.

"ಇದು ತಾರೀಖನ್ನ ಸಂಖ್ಯೆ ಅಂತ ಓದ್ತಾ ಇಲ್ಲ, ಪದ ಅಂತ ಓದ್ತಿದೆ. ಡಿಕ್ಷನರಿಲಿ ಪದ ಜೋಡಿಸೋ ಥರ. ಹತ್ತರ ಮೊದಲ ಅಂಕಿ ಒಂದು. ಒಂದಕ್ಕಿಂತ ಎರಡು ಆಮೇಲೆ ಬರತ್ತೆ. ಸೊನ್ನೆವರೆಗೆ ಓದೋ ತಾಳ್ಮೆನೇ ಇಲ್ಲ ಇದಕ್ಕೆ. ಹಾಗಾಗಿ ಎರಡನೇ ತಾರೀಖು ಇನ್ನೂ ಬಂದಿಲ್ಲ, ಮುಂದಿನ ಪಾಳಿ ಅವರದ್ದೇ ಅಂತ ತೀರ್ಮಾನ ಮಾಡಿದೆ."

ನನ್ನ ಯಜಮಾನರು ಅಷ್ಟು ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಮೇಲೆ ಬಂದರು. ಅವರೂ ಸಾಫ್ಟ್‌ವೇರಿನವರೇ. ವಿಷಯ ಕೇಳಿ, "ಎರಡು ಸಾವಿರದ ಇಸವಿಗೆ ಕಂಪ್ಯೂಟರೆಲ್ಲ ಕೆಡತ್ತೆ ಅಂತ ಊರೆಲ್ಲ ಹೆದರ್ತಿದೆ. ನೀವು ಹತ್ತನೇ ತಾರೀಖಿಗೆ ಹೆದರ್ತಿದ್ದೀರಲ್ಲ," ಎಂದು ನಕ್ಕರು.

"ಎರಡು ಸಾವಿರದ ಇಸವಿಗೆ ಬ್ಯಾಂಕು ಮುಚ್ಚಿದ್ರೆ ನೋಡ್ಕೊಳ್ಳೋಕೆ ನೀವಿದ್ದೀರಿ," ಎಂದರು ಗೆಳತಿ, ತಲೆ ಎತ್ತದೆ. "ಹತ್ತನೇ ತಾರೀಖಿಗೆ ಅವಳ ಒಲೆ ಮುಂದೆ ಯಾರಿದ್ದಾರೆ?"

ಯಜಮಾನರು ನಗು ನಿಲ್ಲಿಸಿ ಕುರ್ಚಿ ಎಳೆದುಕೊಂಡು ಕೂತರು. ಆದರೆ ಹೇಳಿಕೊಡಲು ಅವರಿಗೆ ಏನೂ ಉಳಿದಿರಲಿಲ್ಲ. ಗೆಳತಿ ಎಲ್ಲರ ತಾರೀಖನ್ನೂ ಬೇರೆ ಕ್ರಮದಲ್ಲಿ ಬರೆಯುತ್ತಿದ್ದರು. ಮೊದಲು ಇಸವಿ, ಆಮೇಲೆ ತಿಂಗಳು, ಕೊನೆಗೆ ದಿನ. ಒಂದೇ ಅಂಕಿಯಿದ್ದಲ್ಲಿ ಎಡಕ್ಕೆ ಒಂದು ಸೊನ್ನೆ. ಹಾಗೆ ನಿಲ್ಲಿಸಿದರೆ ಅಕ್ಷರದಂತೆ ಓದಿದರೂ ಸರಿ, ಸಂಖ್ಯೆಯಂತೆ ಓದಿದರೂ ಸರಿ, ಹಿಂದಿನದು ಹಿಂದೆ, ಮುಂದಿನದು ಮುಂದೆ. ಗಂಟೆ ನಿಮಿಷಗಳನ್ನು ಹೋಲಿಕೆಗೆ ಬರಗೊಡಲೇ ಇಲ್ಲ. ಪಾಳಿ ಎಂಬುದು ದಿನದ ಲೆಕ್ಕ, ಗಂಟೆಗೆ ಅಲ್ಲಿ ಕೆಲಸವಿಲ್ಲ ಎಂದರು. ಉದ್ದ ಜಡೆಯನ್ನು ಸಿಕ್ಕು ಬಿಡಿಸಿ ಹೆಣೆದ ಹಾಗೆ ಕಂಡಿತು ನನಗೆ. ಎಳೆ ಯಾವುದೂ ಹೊಸದಲ್ಲ, ಎಲ್ಲವೂ ಅದರದರ ಜಾಗಕ್ಕೆ ಬಂತು, ಅಷ್ಟೇ.

ಸಂಜೆ ಐದಕ್ಕೆ ಇಬ್ಬರೂ ಪರದೆಯ ಮುಂದೆ ಕೂತೆವು. ಐದು ದಾಟಿತು. ಅವರು ಪೇಜನ್ನು ಮತ್ತೆ ತರಿಸಿದರು. ಮಂಡ್ಯದವರ ಹೆಸರು ಹಾಗೆಯೇ ಇತ್ತು. ಇನ್ನೊಮ್ಮೆ ತರಿಸಿದರು. ಇತ್ತು. ನಾನು ಅವರ ಕೈ ಒತ್ತಿದೆ. ಅವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ.

"ಪೇಜ್ ಸರಿ ಇದೆ. ಊಟ ಹೋಯ್ತಾ?"

"ಫೋನ್ ಮಾಡಿ ಕೇಳೋಣ್ವಾ?"

"ಕೇಳಿದ್ರೆ ಅವಳು ಬಂತು ಅಂತಾನೇ ಹೇಳ್ತಾಳೆ, ಬರದೇ ಇದ್ರೂ. ಕಾರ್ ತೆಗೀರಿ."

ಬಾಣಂತಿಯ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಇಳಿಯದೆ ಕೂತೆವು. ಆ ಹೊತ್ತಿನ ಬಿಸಿಲು ಇನ್ನೂ ಗುಡ್ಡದ ಮೇಲಿತ್ತು. ಒಣಗಿದ ಹುಲ್ಲೆಲ್ಲ ಹುರಿದ ರವೆಯ ಬಣ್ಣ. ಗೆಳತಿಯ ಬೆರಳು ತೊಡೆಯ ಮೇಲೆ ಏನನ್ನೋ ಬರೆಯುತ್ತಿತ್ತು, ಅಂಗೈ ಅದನ್ನು ಒರೆಸುತ್ತಿತ್ತು. ನಾನು ಗೇಟಿನತ್ತ ನೋಡುತ್ತಿದ್ದೆ. ಒಂದು ಕಾರು ಬಂತು, ಅದು ಯಾರದೋ. ಇನ್ನೊಂದು ಬಂತು. ಅದರಿಂದ ನಮ್ಮ ಹಿರಿಯಾಕೆ ಇಳಿದರು. ಎರಡು ಕೈಯಲ್ಲೂ ಡಬ್ಬಿ, ಕಂಕುಳಲ್ಲಿ ಸೊಪ್ಪಿನ ಚೀಲ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಓಡುವವರ ಬೂಟು. ಮೆಟ್ಟಿಲಿನ ಮೇಲೆ ಒಂದು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದರು. ಕೈ ಬಿಡುವಿಲ್ಲದ್ದಕ್ಕೆ ಬಾಗಿಲನ್ನು ಮೊಣಕೈಯಿಂದ ತಟ್ಟಿದರು.

ಬಾಗಿಲು ತೆರೆಯಿತು. ಹುಡುಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ಹಿರಿಯಾಕೆ ಡಬ್ಬಿಯ ಮುಚ್ಚಳವನ್ನು ಅಲ್ಲಿಯೇ ಸ್ವಲ್ಪ ಎತ್ತಿ ತೋರಿಸಿದರು. ಹುಡುಗಿ ಮುಂದಕ್ಕೆ ಬಾಗಿ ಆವಿಗೆ ಮುಖ ಒಡ್ಡಿದಳು. ಆಮೇಲೆ ಬಾಗಿಲು ಮುಚ್ಚಿತು.

"ನಾವೂ ಒಂದು ನಿಮಿಷ ಮಾತಾಡಿಸಿ ಬರೋಣ್ವಾ?" ಎಂದೆ.

"ಬೇಡ," ಎಂದರು ಗೆಳತಿ, ಸೀಟಿಗೆ ಒರಗಿ. "ನಮ್ಮನ್ನ ಕಂಡ್ರೆ ಊಟ ಬಿಟ್ಟು ಕಾಫಿ ಮಾಡೋಕೆ ಏಳ್ತಾಳೆ."

ನಾನು ಸದ್ದಾಗದಂತೆ ಕಾರನ್ನು ಹಿಂದಕ್ಕೆ ತೆಗೆದೆ.