ಹುಳದ ಮನೆ ಬಾಗಿಲಲ್ಲಿ

ಬೆಳೆಗೆ ಔಷಧಿ ಹೊಡೆದ ಬಟ್ಟೆಯಲ್ಲಿ ಮನೆಯೊಳಗೆ ಹೋಗಬೇಡಿ ಅಂತ ರೈತರಿಗೆ ಹೇಳಿಕೊಡೋದೇ ನನ್ನ ಕೆಲಸ. ಅವತ್ತು ಬೂದಿಗೆರೆ ಹತ್ತಿರದ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವಾಗ ಜೊತೆಗಿದ್ದು, ಆಮೇಲೆ ತೋಟದವರ ರೇಷ್ಮೆಹುಳದ ಮನೆ ನೋಡಲು ಹೋದೆ. ಮನೆಯಾಕೆ ಜಯಮ್ಮ ಬಾಗಿಲಲ್ಲೇ ತಡೆದರು.

"ಒಳಗೆ ಬರ್ಬೇಡಿ ಸಾರ್. ಆ ಬಟ್ಟೆ ಗಾಳಿ ಸೋಕಿದ್ರೂ ಹುಳ ಸಾಯ್ತವೆ. ನಮ್ಮ ಯಜಮಾನ್ರನ್ನೇ ಬಿಟ್ಟಿಲ್ಲ."

ಯಜಮಾನರು ಔಷಧಿ ಹೊಡೆದ ಅದೇ ಬಟ್ಟೆಯಲ್ಲಿ ಎದುರಿನ ಜಗಲಿ ಮೇಲೆ ಮೊಮ್ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡು ಅನ್ನ ತಿನ್ನಿಸುತ್ತಿದ್ದರು. ನಾನು ಆ ಕಡೆ ನೋಡಿದೆ. ಜಯಮ್ಮನೂ ನೋಡಿದರು.

"ಹುಳ ಸಂಜೆಯೊಳಗೆ ಸತ್ತು ತೋರಿಸ್ತವೆ ಸಾರ್. ಮನುಷ್ಯರದ್ದು ಗೊತ್ತಾಗಲ್ಲ" ಅಂದವರು ಗಂಡನಿಗೆ, "ಮಗೂನ ಇಳ್ಸಿ, ಮೊದ್ಲು ಸ್ನಾನ ಮಾಡ್ಕೊಂಡ್ ಬನ್ನಿ" ಎಂದರು.

ಅವತ್ತು ನಾನೂ ಮನೆಗೆ ಹೋದವನೇ, ಓಡಿಬಂದ ಮಗಳನ್ನು ಎತ್ತಿಕೊಳ್ಳದೆ ಸೀದಾ ಬಚ್ಚಲಿಗೆ ನಡೆದೆ. ಇಷ್ಟು ವರ್ಷ ಊರಿಗೆಲ್ಲ ಹೇಳುತ್ತಿದ್ದೆ. ಮಾಡಿದ್ದು ಅವತ್ತೇ ಮೊದಲು.