ಪ್ಲಸ್ ಇಲ್ಲದೆ ಅತ್ತೆಯನ್ನು ವಿಮಾನ ಹತ್ತಿಸಬೇಡಿ

ಎರಡು ಸಾವಿರದ ಆರುನೂರು ರೂಪಾಯಿ. ಮೊಬೈಲಿನಲ್ಲಿ ಒಂದು ಪ್ಲಸ್ ಚಿಹ್ನೆ ಒತ್ತದೇ ಇದ್ದದ್ದಕ್ಕೆ ಬಂದ ಬಿಲ್ಲು.

(ಮೊಬೈಲ್ ಕಂಪನಿಯ ದಿಲ್ಲಿ ಕೌಂಟರಿನಲ್ಲಿ ಚೌಕಾಸಿ ಮಾಡಿ ನೋಡಿದೆ. ‘ಅಂಕಲ್, ಇದು ಸರೋಜಿನಿ ನಗರ ಮಾರ್ಕೆಟ್ ಅಲ್ಲ’ ಅಂದಳು ಆ ಹುಡುಗಿ. ಮಾನೇಸರ್ ಫ್ಯಾಕ್ಟರಿಗಳಿಗೆ ರಟ್ಟಿನ ಡಬ್ಬ ಮಾರಿ ಬದುಕು ಕಟ್ಟಿಕೊಂಡವನು ನಾನು. ಕೇಳದೆ ಬರುವುದಾದರೂ ಹೇಗೆ?)

ಕತೆ ಇಷ್ಟು. ನನ್ನ ನಾದಿನಿ ವೀಣಾಗೆ ಸಿಂಗಪುರದಲ್ಲಿ ಹೆರಿಗೆ. ಬಾಣಂತನಕ್ಕೆ ಅತ್ತೆ ಹೊರಟರು. ಜೀವನದಲ್ಲಿ ಮೊದಲ ವಿಮಾನ, ಅದೂ ಒಬ್ಬರೇ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಅಲ್ಲಿನ ಏರ್‌ಪೋರ್ಟಿಗೆ ವೀಣಾಳ ಗಂಡ ಪ್ರಕಾಶ, ಅಂದರೆ ನನ್ನ ಷಡ್ಡಕ, ತಾನೇ ಬರುವುದಾಗಿ ಮಾತು.

ನಾನು ಸುಮ್ಮನಿರುವ ಜಾತಿಯೇ? ನನ್ನ ಹಳೇ ಹ್ಯಾಂಡ್‌ಸೆಟ್ಟಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿದೆ. ಎರಡನ್ನು ಒತ್ತಿ ಹಿಡಿದರೆ ಪ್ರಕಾಶ, ಮೂರನ್ನು ಒತ್ತಿ ಹಿಡಿದರೆ ಗುಡಗಾಂವ್‌ನ ನಮ್ಮ ಮನೆ. ಅತ್ತೆಯನ್ನು ಸೋಫಾದ ಮೇಲೆ ಕೂರಿಸಿ ಪ್ರಾಕ್ಟೀಸ್ ಮಾಡಿಸಿದೆ. ಎರಡೂ ಕಡೆ ಗಂಟೆ ಹೊಡೆಯಿತು. ಕೊನೆಯಲ್ಲಿ ಒಂದು ಬುದ್ಧಿಮಾತನ್ನೂ ಸೇರಿಸಿದೆ: ‘ಅತ್ತೆ, ಫೋನ್ ಬಂದರೆ ಎತ್ತಬೇಡಿ. ರೋಮಿಂಗಿನಲ್ಲಿ ಇನ್‌ಕಮಿಂಗಿಗೂ ಮೀಟರ್ ಓಡುತ್ತೆ.’

‘ಅಚ್ಛಾ’ ಅಂದರು ಅತ್ತೆ. ರಾತ್ರಿ ವಿಮಾನ ಹತ್ತಿಸಿ ಬಂದೆ.

ಮಾರನೇ ದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಪ್ರಕಾಶನ ಫೋನು. ‘ಭಾವ, ವೀಣಾಗೆ ಬೇಗ ನೋವು ಶುರುವಾಗಿದೆ. ಬಿಪಿ ಏರಿದೆ, ನಾನು ಆಸ್ಪತ್ರೆಯಿಂದ ಅಲ್ಲಾಡೋ ಹಾಗಿಲ್ಲ. ಏರ್‌ಪೋರ್ಟಿಗೆ ನಮ್ಮ ಆಫೀಸಿನ ಚೀನೀ ಹುಡುಗೀನ ಬೋರ್ಡ್ ಕೊಟ್ಟು ಕಳಿಸಿದ್ದೀನಿ. ಅತ್ತೆ ಸಿಕ್ತಾ ಇಲ್ಲ. ಫೋನ್ ಮಾಡಿದ್ರೆ ಕಟ್ ಮಾಡ್ತಾರೆ. ಇವಳು ಇಲ್ಲಿ ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತಿದ್ದಾಳೆ.’

ಬೋರ್ಡ್ ಯಾವ ಭಾಷೆಯದು? ಇಂಗ್ಲಿಷಿನದು. (ಮೊಬೈಲ್ ಕಂಪನಿಯಲ್ಲೇ ದೊಡ್ಡ ಎಂಜಿನಿಯರು ನಮ್ಮ ಪ್ರಕಾಶ. ದೇಶದೇಶಗಳ ಫೋನುಗಳನ್ನು ಜೋಡಿಸುವುದೇ ಅವನ ಕೆಲಸವಂತೆ.)

ಅತ್ತ ಅತ್ತೆ ಆ ಹುಡುಗಿಯಿಂದ ನಾಲ್ಕು ಮಾರು ದೂರದ ಬೆಂಚಿನಲ್ಲಿ ಸೂಟ್‌ಕೇಸ್ ತಬ್ಬಿಕೊಂಡು ಕೂತಿದ್ದರು. ಎರಡನ್ನು ಒತ್ತಿ ಹಿಡಿದರು. ಯಾವಳೋ ಇಂಗ್ಲಿಷಿನಲ್ಲಿ ಮಾತಾಡಿದಳು. ‘ಪ್ರಕಾಶನ್ನ ಕರಿಯಮ್ಮ’ ಅಂದರು. ಅವಳು ಹೇಳಿದ್ದನ್ನೇ ಹೇಳಿದಳು. ಮೂರನ್ನು ಒತ್ತಿದರು. ಅಲ್ಲೂ ಅವಳೇ.

ಏನಾಗಿತ್ತು ಗೊತ್ತೇ? ಪ್ರಕಾಶ ತನ್ನ ನಂಬರನ್ನು ಸೊನ್ನೆ ಸೊನ್ನೆ ಅರವತ್ತೈದು ಅಂತ ಮೆಸೇಜ್ ಮಾಡಿದ್ದ. ನಾನು ಹಾಗೇ ಸೇವ್ ಮಾಡಿದ್ದೆ. ಆ ಎರಡು ಸೊನ್ನೆ ನಮ್ಮ ದೇಶದಿಂದ ಹೊರಗೆ ಹೋಗುವ ಬಾಗಿಲು. ಅಲ್ಲಿನ ಬಾಗಿಲೇ ಬೇರೆ. ನಮ್ಮ ಮನೆಯ ನಂಬರಿನದು ಇನ್ನೂ ಚಂದ. ದಿಲ್ಲಿಯಿಂದ ಗುಡಗಾಂವ್‌ಗೆ ಅಗ್ಗದ ರೇಟ್ ಸಿಗಲಿ ಅಂತ ನಾವೆಲ್ಲ ತೊಂಬತ್ತೈದು ಸೇರಿಸಿ ಡಯಲ್ ಮಾಡುತ್ತೇವಲ್ಲ, ಅದನ್ನೇ ಹಾಕಿಟ್ಟಿದ್ದೆ. ನಮ್ಮ ತೊಂಬತ್ತೈದು ಸಿಂಗಪುರಕ್ಕೆ ಯಾವ ಲೆಕ್ಕ?

ನನ್ನ ಹೆಂಡತಿ ಶೈಲಾ ರಿಸೀವರ್ ಕೈಗೆ ತುರುಕಿದಳು. ‘ರೀ, ಮಾಡಿ. ಎತ್ತೋವರೆಗೂ ಮಾಡ್ತಾನೇ ಇರಿ. ಎತ್ತಬೇಡಿ ಅಂತ ಪಾಠ ಮಾಡಿದ್ದು ನೀವೇ ತಾನೇ?’

ಮಾಡಿದೆ. ಕಟ್. ಮತ್ತೆ ಮಾಡಿದೆ. ಕಟ್. ಹೇಳಿದ್ದನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವವರು ನಮ್ಮ ಗೋಡೌನಿನಲ್ಲಿ ಒಬ್ಬರೂ ಇಲ್ಲ. ನಡುವೆ ಪ್ರಕಾಶನ ಇನ್ನೊಂದು ಫೋನು: ವೀಣಾಳನ್ನು ಆಪರೇಷನ್‌ಗೆ ಒಳಗೆ ಒಯ್ಯುತ್ತಾರಂತೆ. ಅಮ್ಮ ಬರದೆ ಹೋಗಲ್ಲ ಅಂತ ಅವಳ ಹಟವಂತೆ. ನಾನು ಬೆರಳು ನಿಲ್ಲಿಸಲಿಲ್ಲ.

ಕೊನೆಗೂ ಎತ್ತಿದರು. ‘ಅತ್ತೆ, ನಾನು’ ಅಂದೆ. ಹಲೋ ಇಲ್ಲ, ಏನಿಲ್ಲ. ಸಣ್ಣ ದನಿ.

‘ಅಳಿಯಂದಿರೇ, ನನ್ನ ಮಗು ಇದೆಯಾ, ಹೋಯ್ತಾ?’

‘ಅಯ್ಯೋ, ಇದ್ದಾಳೆ ಅತ್ತೆ. ಯಾಕೆ ಹಾಗಂತೀರಿ?’

‘ನೀವು ದುಡ್ಡು ಖರ್ಚು ಮಾಡಿ ಇಷ್ಟು ಸಲ ಫೋನ್ ಮಾಡ್ತೀರಿ ಅಂದ್ರೆ ಇನ್ನೇನು ತಿಳ್ಕೊಳ್ಳಲಿ?’

ಮುಖಕ್ಕೆ ಹೊಡೆದ ಹಾಗಾಯಿತು. ‘ಎದ್ದು ನಿಲ್ಲಿ. ಬೋರ್ಡ್ ಹಿಡಿದ ಚೀನೀ ಹುಡುಗಿ ಕಾಣ್ತಾಳಾ?’

‘ಆಗಿಂದ ಕಾಣ್ತಿದ್ದಾಳೆ. ಪಾಪ, ಅವಳ ಕಡೆಯವರೂ ಬಂದಿಲ್ಲ.’

‘ಅವಳ ಕಡೆಯವರು ನೀವೇ, ಅತ್ತೆ.’

ಟ್ಯಾಕ್ಸಿ ಹತ್ತಿದರು. ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೂ ಫೋನ್ ಇಡಲಿಲ್ಲ. ಇಡಿ ಅಂತ ನಾನೂ ಹೇಳಲಿಲ್ಲ. ವೀಣಾ ಅಮ್ಮನ ಕೈ ಹಿಡಿದೇ ಒಳಗೆ ಹೋದಳು. ಹೆಣ್ಣು ಮಗು. ತಾಯಿ ಮಗು ಕ್ಷೇಮ.

ಈಗ ನಿಮ್ಮ ಸರದಿ. ಫೋನ್ ತೆಗೆಯಿರಿ. ಸೊನ್ನೆ ಬಟನ್ನನ್ನು ಒತ್ತಿ ಹಿಡಿಯಿರಿ, ಪ್ಲಸ್ ಬರುತ್ತದೆ. (ಕೆಲವು ಸೆಟ್ಟಿನಲ್ಲಿ ಸ್ಟಾರ್ ಎರಡು ಸಲ ಒತ್ತಬೇಕು.) ಆಮೇಲೆ ದೇಶದ ಕೋಡ್, ನಮ್ಮದು ತೊಂಬತ್ತೊಂದು, ಸಿಂಗಪುರದ್ದು ಅರವತ್ತೈದು. ಲ್ಯಾಂಡ್‌ಲೈನ್ ಆದರೆ ಮುಂದಿನ ಸೊನ್ನೆ, ತೊಂಬತ್ತೈದು ಎರಡನ್ನೂ ಕಿತ್ತುಹಾಕಿ ಊರಿನ ಕೋಡ್ ಹಾಕಿ: ಗುಡಗಾಂವ್‌ಗೆ 124, ದಿಲ್ಲಿಗೆ ಬರೀ 11. ಹೀಗೆ ಸೇವ್ ಮಾಡಿದ ನಂಬರು ದಿಲ್ಲಿಯ ಕಿದ್ವಾಯಿ ನಗರದಿಂದಲೂ ಹೋಗುತ್ತದೆ, ಸಿಂಗಪುರದಿಂದಲೂ ಹೋಗುತ್ತದೆ. ಇದಕ್ಕೆ ಯಾವ ಅಂಗಡಿಯ ಭಯ್ಯಾನಿಗೂ ಕಾಸು ಕೊಡಬೇಡಿ, ಪುಕ್ಕಟೆ ಕೆಲಸ.

ಇನ್ನೊಂದು ಮಾತು. ಮನೆಯವರನ್ನು ಹೊರದೇಶಕ್ಕೆ ಕಳಿಸುವಾಗ ‘ನನ್ನ ಫೋನ್ ಬಂದರೆ ಎತ್ತಿ’ ಅಂತ ಬಾಯಿಬಿಟ್ಟು ಹೇಳಿ. ನಿಮ್ಮ ಫೋನ್ ಬಂದರೆ ಯಾರೋ ಸತ್ತಿರಬೇಕು ಅಂದುಕೊಳ್ಳುವಷ್ಟು ಉಳಿತಾಯ ಮಾಡಿ ಏನು ಸಾಧಿಸಬೇಕು?